ಒಲೆ ಮೇಲೆ ಬೆಕ್ಕು ಮಲಗಿದೆಯೇ?

ಬ್ರೆಜಿಲ್ ಅಂದರೆ ನಮ್ಮವರಿಗೆ ನೆನಪಾಗುವುದು ಎರಡೇ: ಕಾಲ್ಚೆಂಡು ಮತ್ತು ಕಾಫಿ. ಮೂಡಿಗೆರೆ, ಸಕಲೇಶಪುರದ ಕಡೆಯವರಾದರೆ ಕಾಲ್ಚೆಂಡೂ ಬೇಡ, ಕಾಫಿಯೊಂದೇ ಸಾಕು. ಅಲ್ಲಿ ಬರವೋ ಹಿಮವೋ ಬಿತ್ತೆಂದರೆ ಇಲ್ಲಿ "ಅಯ್ಯೋ ಪಾಪ" ಅನ್ನುತ್ತಲೇ ಇವತ್ತಿನ ದರ ಎಷ್ಟೆಂದು ಮೊಬೈಲ್ ತಡಕುವ ತೋಟದ ನೆಂಟರು ನನಗೂ ಇದ್ದಾರೆ. ಅಂಥವರೊಬ್ಬರಿಗೆ, ಭಾನುವಾರ ಬೆಳಿಗ್ಗೆ ನಾನು ಬ್ರೆಜಿಲ್ ಸಂಗೀತ ನುಡಿಸಲು ವೈಟ್‌ಫೀಲ್ಡಿಗೆ ಹೋಗುತ್ತೇನೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಅದರಿಂದ ರೇಟಿಗೇನೂ ತೊಂದರೆ ಇಲ್ವಲ್ಲ?"

ರೇಟಿಗೆ ತೊಂದರೆಯಿಲ್ಲ. ತೊಂದರೆಯೆಲ್ಲ ಬೆರಳಿಗೆ, ಉಗುರಿಗೆ ಮತ್ತು ಮನೆಯವರಿಗೆ.

ನಮ್ಮದೊಂದು ಕೂಟವಿದೆ. ಹೆಸರಿಲ್ಲ, ನೋಂದಣಿಯಿಲ್ಲ, ಖಜಾಂಚಿ ಇಲ್ಲದ್ದರಿಂದ ಜಗಳವೂ ಕಡಿಮೆ. ಒಬ್ಬರು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಡೆಸುವವರು. ಹುಬ್ಬಳ್ಳಿ ಕಡೆಯವರು, ಒಂದು ಕಾಲದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಗಿಟಾರಿನ ಕಾರ್ಡ್ ಹಿಡಿದು ಪಳಗಿದವರು. ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹಗಲಿಗೆ ಇಲ್ಲಿ ರಾತ್ರಿ ಪಾಳಿ ಮಾಡುವ ಮಂಗಳೂರಿನ ಅಕ್ಕ. ಇಗರ್ಜಿಯ ಗಾಯನ ತಂಡದಲ್ಲಿ ಗಿಟಾರ್ ಕಲಿತವರು. ಮೂರನೆಯವರು ವೈಟ್‌ಫೀಲ್ಡಿನ ಆರ್ಕಿಟೆಕ್ಟ್. ಮನೆ ಕಟ್ಟುವ ಆರ್ಕಿಟೆಕ್ಟ್ ಅಲ್ಲ, ಸಾಫ್ಟ್‌ವೇರ್ ಕಟ್ಟುವವರು. ಇವರು ಕಟ್ಟಿದ್ದು ಸೋರಿದರೆ ಬಕೆಟ್ ಇಡುವುದಕ್ಕೂ ಜಾಗ ಸಿಗುವುದಿಲ್ಲ. ನಾಲ್ಕನೆಯವನು ನಾನು. ನನ್ನದು ಎರಡನೇ ಗಿಟಾರ್, ಅಂದರೆ ಮೊದಲನೆಯವರು ದಾರಿ ತಪ್ಪಿದಾಗ ಕೆಮ್ಮುವ ಕೆಲಸ.

ಊರಿನ ಮೂರು ಮೂಲೆಯಲ್ಲಿ ಬಿದ್ದಿರುವ ಇವರನ್ನು ಒಂದೆಡೆ ಕೂರಿಸುವುದೇ ಹಿಂದೆ ದೊಡ್ಡ ಸಾಹಸವಾಗಿತ್ತು. ಪೀಣ್ಯದಿಂದ ಬಸ್ಸಿನಲ್ಲಿ ಗಿಟಾರ್ ಅಪ್ಪಿಕೊಂಡು ಹೊರಟವರ ಉತ್ಸಾಹ ಕೆ.ಆರ್. ಪುರದ ತೂಗುಸೇತುವೆ ಹತ್ತಿರವೇ ಇಳಿದುಹೋಗುತ್ತಿತ್ತು. ಸಿಲ್ಕ್ ಬೋರ್ಡ್ ದಾಟಿ ಬರಬೇಕಿದ್ದ ಅಕ್ಕನ ಕಥೆ ಬಿಡಿ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಬೊಮ್ಮಸಂದ್ರದ ಹಳದಿ ಮಾರ್ಗಕ್ಕೆ 2025ರ ಆಗಸ್ಟಿನಲ್ಲಿ ಮೆಟ್ರೊ ಬಂದು ಈಗ ಮೂರೂ ಮೂಲೆ ಹೊಂದಿಕೊಂಡಿವೆ. ಇದರಿಂದ ನಮಗಾದ ಒಂದೇ ನಷ್ಟವೆಂದರೆ, ಅಭ್ಯಾಸ ಮಾಡದೆ ತಪ್ಪಿಸಿಕೊಂಡವರಿಗೆ ಹೇಳಲು ನೆಪವೇ ಉಳಿದಿಲ್ಲ.

"ಬೆಂಗಳೂರಲ್ಲಿ ಗಿಟಾರಿಗೇನು ಬರಗಾಲವಾ, ಅದಕ್ಕೆ ಬ್ರೆಜಿಲ್ ಬೇರೆ ಬೇಕಾ?" ಎನ್ನುವವರಿದ್ದಾರೆ. ಬರಗಾಲವೇನಿಲ್ಲ. 'ಸಂಸ್ಕಾರ' ಚಿತ್ರ ಕೊಟ್ಟ ಪಟ್ಟಾಭಿರಾಮ ರೆಡ್ಡಿ–ಸ್ನೇಹಲತಾ ರೆಡ್ಡಿಯವರ ಮಗ ಕೋನಾರ್ಕ್ ರೆಡ್ಡಿ ಈ ಊರಿನಲ್ಲಿ ಗಿಟಾರಿಗೇ ಹೆಸರಾದವರು. ಅರುಣಾ ಸುಂದರ್‌ಲಾಲ್ ಅವರ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಸುತ್ತ ಬಂದಿದೆ. ಲಂಡನ್ನಿನ ಟ್ರಿನಿಟಿ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಅಪ್ಪ-ಅಮ್ಮಂದಿರಿಗೂ ಕೊರತೆಯಿಲ್ಲ. ನಾವು ಗಿಟಾರ್ ಹೊತ್ತುಕೊಂಡು ಲಿಫ್ಟಿನಲ್ಲಿ ನಿಂತರೆ ಅವರು ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ನಿಮ್ಮದು ಎಷ್ಟನೇ ಗ್ರೇಡು?" ಗ್ರೇಡಿಲ್ಲ ಎಂದರೆ ಮಗುವಿನ ಕೈ ಹಿಡಿದು ಸ್ವಲ್ಪ ಆಚೆ ಸರಿಯುತ್ತಾರೆ.

ಬ್ರೆಜಿಲ್ ಯಾಕೆ ಬೇಕೆಂದರೆ, ಅದು ಕೆಲಸಕ್ಕೆ ಹೋಗಿ ಬಂದು ಸುಸ್ತಾದವರ ಸಂಗೀತ. ಗಾಳಿಮಾತಲ್ಲ, ಇತಿಹಾಸವೇ ಹಾಗಿದೆ. 1870ರ ಆಸುಪಾಸಿನಲ್ಲಿ ರಿಯೊ ಡಿ ಜನೈರೊ ಊರಿನಲ್ಲಿ ಶೋರೊ ಎಂಬ ವಾದ್ಯಸಂಗೀತ ಹುಟ್ಟಿತು. ಯುರೋಪಿನಿಂದ ಹಡಗಿಳಿದು ಬಂದ ಪೋಲ್ಕಾ, ವಾಲ್ಟ್ಸ್‌ಗಳಿಗೆ ಆಫ್ರಿಕಾ ಮೂಲದವರ ಲಯ ಸೇರಿ ಸೊಂಟ ಬಳುಕಿದ್ದರ ಫಲ ಇದು. ಕೊಳಲಿಗೆ ಜೊವಾಕಿಂ ಕಲಾದು, ಹಿಂದೆ ಗಿಟಾರು, ಜೊತೆಗೆ ನಾಲ್ಕು ತಂತಿಯ ಪುಟ್ಟ ಕವಾಕಿನ್ಯೊ. ನುಡಿಸುತ್ತಿದ್ದವರಲ್ಲಿ ಬಹಳಷ್ಟು ಮಂದಿ ಅಂಚೆಯವರು, ತಂತಿ ಕಚೇರಿಯವರು, ರೈಲ್ವೆ ಗುಮಾಸ್ತರು. ಹಗಲು ಮುದ್ರೆ ಒತ್ತಿ ರಾತ್ರಿ ಗಿಟಾರ್ ಹಿಡಿಯುವವರು. ಬಾಸ್ ಬೈದದ್ದನ್ನು ಸೊಂಟ ಕುಣಿಸಿ ಮರೆಯುವ ಈ ಉಪಾಯಕ್ಕೆ ನಮ್ಮ ಹೊರವಲಯಕ್ಕಿಂತ ಅರ್ಹ ಜಾಗ ಇನ್ನೊಂದುಂಟೆ?

ಆ ಅಂಚೆಯವರಲ್ಲೊಬ್ಬ, ಅಲೆಶಾಂದ್ರೆ ಗೊನ್ಸಾಲ್ವಿಸ್ ಪಿಂಟೊ, 1936ರಲ್ಲಿ ತನ್ನ ಕಾಲದ ವಾದಕರ ನೆನಪುಗಳನ್ನೆಲ್ಲ ಒಂದು ಪುಸ್ತಕವಾಗಿ ಬರೆದ. ಯಾರು ಹೇಗೆ ನುಡಿಸುತ್ತಿದ್ದರು ಎಂಬುದರಷ್ಟೇ ಶ್ರದ್ಧೆಯಿಂದ ಯಾರ ಮನೆಯಲ್ಲಿ ಊಟ ಹೇಗಿತ್ತು ಎಂದೂ ಬರೆದಿದ್ದಾನೆ. ನುಡಿಸಲು ಹೋದವರು ಮೊದಲು ಒಬ್ಬನನ್ನು ಮೆಲ್ಲಗೆ ಅಡುಗೆಮನೆ ಕಡೆಗೆ ಕಳಿಸುತ್ತಿದ್ದರಂತೆ. ಒಲೆಯ ಮೇಲೆ ಬೆಕ್ಕು ಮಲಗಿದೆ ಎಂದು ಅವನು ಬಂದು ಪಿಸುಗುಟ್ಟಿದರೆ, ಆ ರಾತ್ರಿ ಯಾರಿಗೋ ತಲೆನೋವು, ಯಾರಿಗೋ ತುರ್ತು ಕೆಲಸ. ಗಿಟಾರುಗಳು ಚೀಲ ಸೇರುತ್ತಿದ್ದವು. ಇದನ್ನು ಓದಿ ಹೇಳಿದಾಗ ನಮ್ಮ ಪೀಣ್ಯದವರು ತೊಡೆ ತಟ್ಟಿ ನಕ್ಕರು. "ಅಲ್ರೀ, ನಮ್ಮವ್ವನೂ ಹಿಂಗ ಅಂತಿದ್ಲು, ಒಲಿಯಾಗ ಬೆಕ್ಕು ಮಲ್ಗೇತಿ ಅಂತ! ಅಕಿ ಯಾವಾಗ ಬ್ರೆಜಿಲ್‌ಗೆ ಹೋಗಿದ್ಲು?"

ಅಲ್ಲಿಂದ ನಮ್ಮ ಕೂಟದ ಸಂವಿಧಾನ ತಯಾರಾಯಿತು. ಯಾರ ಮನೆಯಲ್ಲಿ ಸೇರುತ್ತೇವೋ ಅವರು ಮೊದಲು ಬೆಕ್ಕಿನ ಸ್ಥಿತಿಗತಿ ತಿಳಿಸಬೇಕು. ಆರ್ಕಿಟೆಕ್ಟ್ ಸಾಹೇಬರ ಮನೆಯಲ್ಲಿ ಇಂಡಕ್ಷನ್ ಒಲೆ, ಅದರ ಮೇಲೆ ಬೆಕ್ಕಲ್ಲ, ಲ್ಯಾಪ್‌ಟಾಪ್ ಮಲಗಿರುತ್ತದೆ. ಊಟ ಆ್ಯಪಿನಿಂದ ಬರುತ್ತದೆ, ಬರುವವನು ಬೇರೆ ಟವರಿಗೆ ಹೋಗಿಬಿಡುತ್ತಾನೆ. ಹಾಗಾಗಿ ಅಕ್ಕನ ಡಬ್ಬಿಯೇ ನಮಗೆ ಗತಿ. ಅವರು ತರುವ ತೊಂಡೆಕಾಯಿ–ಗೇರುಬೀಜದ ಪಲ್ಯ ತಿನ್ನುವಾಗ ಆರ್ಕಿಟೆಕ್ಟರ ಅತ್ತೆಯವರು, "ನಮ್ಮ ದಾಸರ ಪದ ಬಿಟ್ಟು ಪರದೇಶದ್ದು ಯಾಕೋ" ಎಂದು ರಾಗ ತೆಗೆದರು. ಅಕ್ಕ ಬಿಡಲಿಲ್ಲ: "ಎಂತ ಮಾರಾಯ್ರೆ, ನೀವು ಈಗ ತಿಂತಾ ಇದ್ದೀರಲ್ಲ ಗೇರುಬೀಜ, ಅದು ಪೋರ್ಚುಗೀಸರ ಹಡಗಲ್ಲಿ ಬ್ರೆಜಿಲಿಂದ ಬಂದದ್ದು. ಅದಕ್ಕೆ ಆಗ ನೀವು ಬೇಡ ಹೇಳಿದ್ರಾ?" ಅತ್ತೆಯವರು ಇನ್ನೊಂದು ಸೌಟು ಹಾಕಿಸಿಕೊಂಡು ಸುಮ್ಮನಾದರು.

ಈಗ ನುಡಿಸುವ ವಿಷಯಕ್ಕೆ ಬರೋಣ. ಅದನ್ನು ಎಷ್ಟು ಮುಂದೂಡಿದರೂ ಒಂದಲ್ಲ ಒಂದು ಹೊತ್ತಿಗೆ ಬರಲೇಬೇಕು. ಈ ಲೋಕದ ದೊಡ್ಡ ದೇವರು ಹೈತೊರ್ ವಿಲ್ಲಾ-ಲೋಬೋಸ್, 1887ರಲ್ಲಿ ರಿಯೊದಲ್ಲಿ ಹುಟ್ಟಿದವನು. ಅಪ್ಪ ಚೆಲ್ಲೊ ಕಲಿಸಿದ; ಅಮ್ಮನಿಗೆ ಮಗ ಡಾಕ್ಟರಾಗಬೇಕೆಂಬ ಆಸೆ. ಮಗನೋ ಶೋರೊ ನುಡಿಸುವ ಬೀದಿ ವಾದಕರ ಬೆನ್ನು ಹತ್ತಿದ. ನಮ್ಮ ಮಲ್ಲೇಶ್ವರ, ಜಯನಗರದ ತಾಯಂದಿರು ಇದನ್ನು ಓದಿದರೆ ಸಂಪೂರ್ಣವಾಗಿ ಅಮ್ಮನ ಪಕ್ಷ. ಅವನು 1920ರಲ್ಲಿ ಬರೆದ 'ಶೋರೊಸ್ ನಂ. 1' ಒಂಟಿ ಗಿಟಾರಿಗೆ, ಎರ್ನೆಸ್ಟೊ ನಜರೆ ಎಂಬ ಪಿಯಾನೊ ವಾದಕ-ರಚನಕಾರನಿಗೆ ಅರ್ಪಿಸಿದ್ದು. ಅದು ಶುರುವಾಗುವುದೇ ಮೂರು ಸ್ವರಗಳನ್ನು ಬೇಕಾದಷ್ಟು ಎಳೆದು, ನಿಲ್ಲಿಸಿ, ಕೇಳುವವರನ್ನು ಕಾಯಿಸುವುದರಿಂದ. ಲೋಕದಲ್ಲಿ ಗಿಟಾರ್ ಹಿಡಿದವರಿಗೆಲ್ಲ ಈ ಮೂರು ಸ್ವರ ಬರುತ್ತವೆ. ನಾಲ್ಕನೆಯದರಿಂದ ಕಷ್ಟ. ಅದಕ್ಕೇ ಆರ್ಕಿಟೆಕ್ಟ್ ಸಾಹೇಬರು ಮೂರು ಸ್ವರ ನುಡಿಸಿ, ಕೈ ಎತ್ತಿ, ಆ ಎಳೆತದ ಹಿಂದಿನ ಸೌಂದರ್ಯಶಾಸ್ತ್ರವನ್ನು ವಿವರಿಸಲು ತೊಡಗುತ್ತಾರೆ. ವಿವರಣೆ ಮುಗಿಯುವ ಹೊತ್ತಿಗೆ ಊಟದ ಹೊತ್ತು.

ಅವರ ಶಿಸ್ತನ್ನು ಮಾತ್ರ ಮೆಚ್ಚಲೇಬೇಕು. ವಿಲ್ಲಾ-ಲೋಬೋಸ್ 1929ರಲ್ಲಿ ಮುಗಿಸಿ ಸ್ಪೇನಿನ ಗಿಟಾರಿಗ ಆಂದ್ರೆಸ್ ಸೆಗೋವಿಯಾಗೆ ಅರ್ಪಿಸಿದ 12 ಅಭ್ಯಾಸಗಳಲ್ಲಿ ಮೊದಲನೆಯದನ್ನು ಅವರು ತಿಂಗಳಾನುಗಟ್ಟಲೆ ಕಡೆಯುತ್ತಿದ್ದಾರೆ. ಬಲಗೈ ಬೆರಳುಗಳು ಒಂದೇ ಮಾದರಿಯಲ್ಲಿ ತಂತಿಯಿಂದ ತಂತಿಗೆ ಓಡುತ್ತವೆ. ಮಧ್ಯದಲ್ಲಿ ಎಡಗೈ ಒಂದೇ ಆಕಾರ ಹಿಡಿದುಕೊಂಡು ಒಂದೊಂದೇ ಫ್ರೆಟ್ ಇಳಿಯುತ್ತ ಬರುತ್ತದೆ. ಕೇಳಲು ಭಯಂಕರ, ಹಿಡಿಯಲು ಅಷ್ಟೇನಿಲ್ಲ. ಇದೇ ಅವನ ಜಾಣತನ, ಗಿಟಾರಿನ ಮೈ ಬಲ್ಲವನು. ರಚನೆಯಲ್ಲಿ ಪ್ರತಿ ಪಟ್ಟಿಯನ್ನೂ ಎರಡೆರಡು ಸಲ ನುಡಿಸಿ ಎಂದಿದೆ. ಸಾಹೇಬರು ಮೆಟ್ರೊನೋಮ್ ಹಾಕಿಕೊಂಡು ಇಪ್ಪತ್ತು ಸಲ ನುಡಿಸುತ್ತಾರೆ. ಪೀಣ್ಯದವರಿಗೆ ಅದು ತಡೆಯುವುದಿಲ್ಲ. "ಏನ್ರೀ ಸಾಹೇಬ್ರ, ಮಷೀನ್ ಟಕ್ ಟಕ್ ಅನ್ನೂದು ನನಗ ಆರು ದಿನಕ್ಕ ಸಾಕಾಗಿರ್ತೈತಿ. ಏಳನೇ ದಿನಾನೂ ಯಾಕ್ರಿ?"

ಟಕ್ ಟಕ್‌ಗೆ ಸಿಗದ ಏನೋ ಒಂದು ಈ ಸಂಗೀತದಲ್ಲಿದೆ, ನಿಜ. ಒಂದು ಏಟನ್ನು ನಾಲ್ಕು ಪಾಲು ಮಾಡಿ, ಮೊದಲ ಸ್ವರಕ್ಕೆ ಒಂದು, ನಡುವಿನದಕ್ಕೆ ಎರಡು, ಕೊನೆಯದಕ್ಕೆ ಒಂದು ಕೊಡುತ್ತಾರೆ: ತ, ಧೀಂ–, ತ. ಒತ್ತು ಬೀಳಬೇಕಾದ ಕಡೆ ಬೀಳದೆ ನಡುವೆ ಹೊರಳಿಕೊಳ್ಳುತ್ತದೆ. ಕೆಳಗಿನ ಮಹಡಿಯಲ್ಲಿ ಮೃದಂಗದ ಹಿರಿಯರೊಬ್ಬರಿದ್ದಾರೆ. ಒಮ್ಮೆ ಸದ್ದು ಕೇಳಿ ಮೇಲೆ ಬಂದು, ಎರಡು ಆವರ್ತ ತೊಡೆ ಮೇಲೆ ತಾಳ ಹಾಕಿ, "ಎತ್ತುಗಡೆ ಸರಿಯಾಗೇ ಇದೆ, ಆದರೆ ನೀವು ಹೆದರಿಕೊಂಡು ಎತ್ತುತ್ತೀರಿ" ಎಂದರು. ಇಷ್ಟು ಕಡಿಮೆ ಮಾತಿನ ವಿಮರ್ಶೆ ನನಗೆ ಯಾವ ಪತ್ರಿಕೆಯಲ್ಲೂ ಸಿಕ್ಕಿಲ್ಲ. ವಿಲ್ಲಾ-ಲೋಬೋಸನ 1940ರ ಐದು ಪ್ರಿಲ್ಯೂಡ್‌ಗಳಲ್ಲಿ ಮೊದಲನೆಯದನ್ನು, ಕೆಳತಂತಿಗಳ ಮೇಲೆ ಹೆಬ್ಬೆರಳು ಚೆಲ್ಲೊದ ದನಿ ತೆಗೆಯುವ ರಚನೆಯನ್ನು, ಅಕ್ಕ ನುಡಿಸಿದಾಗ ಮಾತ್ರ ಅವರು ಕಣ್ಣು ಮುಚ್ಚಿ, "ಹಾಂ, ಕೀರವಾಣಿ ಬಂದು ಇಣುಕಿತು ನೋಡಿ" ಎಂದು ಒಪ್ಪಿಗೆ ಕೊಟ್ಟರು. ಅಂದಿನಿಂದ ವಿಲ್ಲಾ-ಲೋಬೋಸ್ ಆ ಟವರಿನಲ್ಲಿ ನಮ್ಮವನೇ.

ಆದರೆ ಪೀಣ್ಯದವರ ದೇವರು ಬೇರೆ: ಜೊವಾಂವ್ ಪೆರ್ನಂಬುಕೊ. 1883ರಲ್ಲಿ ಹುಟ್ಟಿ, ಊರು ಬಿಟ್ಟು ರಿಯೊಗೆ ಬಂದು, ಕಮ್ಮಾರಿಕೆಯಲ್ಲಿ ಕೈ ಸುಟ್ಟುಕೊಂಡು, ಅದೇ ಕೈಯಲ್ಲಿ ಗಿಟಾರ್ ನುಡಿಸಿದವನು. ಸ್ವರಲಿಪಿ ಓದಲು ಬರುತ್ತಿರಲಿಲ್ಲ; ಅವನು ನುಡಿಸಿದ್ದನ್ನು ಬೇರೆಯವರು ಬರೆದುಕೊಂಡರು. ಒಂದು ಪ್ರಸಿದ್ಧ ಹಾಡಿನ ರಾಗ ತನ್ನದೆಂದು ಅವನು, ತನ್ನದೆಂದು ಕವಿ ಕತೂಲೊ ಹಗ್ಗಜಗ್ಗಾಡಿದ್ದೂ ಉಂಟು. ಅವನ 'ಸೋನ್ಸ್ ಜಿ ಕಹಿಲ್ಯೊಂಯ್ಸ್', ಅಂದರೆ ಗಂಟೆಗಳ ನಾದ, ಆರನೇ ತಂತಿಯನ್ನು ಒಂದು ಸ್ವರ ಕೆಳಗಿಳಿಸಿ ನುಡಿಸುವ ಮುದ್ದಾದ ರಚನೆ. ಆ ಹೆಸರು ನಾಲಿಗೆಗೆ ಹತ್ತದ್ದರಿಂದ ನಮ್ಮಲ್ಲಿ ಅದು 'ಗಂಟಿ ಪೀಸು'. ಇದನ್ನು ಪೀಣ್ಯದವರು ಕಿವಿಯಿಂದಲೇ ಕಲಿತರು, ಸಾಹೇಬರು ಕಾಗದದಿಂದ. ಒಂದು ಜಾಗದಲ್ಲಿ ಇಬ್ಬರದ್ದೂ ಬೇರೆ. "ಬರೆದಿರೋದು ಹೀಗಿದೆ" ಎಂದು ಸಾಹೇಬರು ಟ್ಯಾಬ್ ತೋರಿಸಿದರೆ, "ಬರದವಾ ಬ್ಯಾರೆ, ಬಾರ್ಸಿದವಾ ಬ್ಯಾರೆ ಅಲ್ರೀ" ಎಂದು ಇವರು. ಈ ಮೊಕದ್ದಮೆಯಲ್ಲಿ ನಾನು ಪೀಣ್ಯದ ಪರ. ಲೋಹದ ಕೆಲಸದವನ ಸಂಗತಿ ಲೋಹದ ಕೆಲಸದವನಿಗೇ ಗೊತ್ತು.

ಉಗುರಿನ ರಾಮಾಯಣ ಹೇಳದಿದ್ದರೆ ಗಿಟಾರಿನ ಹರಟೆ ಪೂರ್ತಿಯಾಗದು. ನೈಲಾನ್ ತಂತಿಯ ಈ ಗಿಟಾರನ್ನು ಬಲಗೈ ಉಗುರಿನಿಂದ ಮೀಟಬೇಕು, ಎಡಗೈಯಲ್ಲಿ ಉಗುರೇ ಇರಬಾರದು. ಒಂದು ಕೈ ಶೂರ್ಪನಖಿ, ಇನ್ನೊಂದು ಕೈ ಶಾಲಾ ಬಾಲಕ. ಸಂಜೆ ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು, ಮಂಗಳವಾರ ಶುಕ್ರವಾರ ತೆಗೆಯಬಾರದು ಎಂದು ಬೆಳೆಸಿದ ಮನೆಯವರಿಗೂ ವಾರದ ಏಳೂ ದಿನ ತೆಗೆಯದವನನ್ನು ಕಂಡರೆ ದಿಗಿಲು. ಸಾಹೇಬರ ಹೆಬ್ಬೆರಳ ಉಗುರು ಲ್ಯಾಪ್‌ಟಾಪಿನ ಕೀಲಿಗೆ ಸಿಕ್ಕಿ ಮುರಿದಾಗ ಅವರು ರಜೆ ಹಾಕಿದರು. ಕಾರಣ ಬರೆಯುವ ಜಾಗದಲ್ಲಿ 'ವೈದ್ಯಕೀಯ'. ಆಮೇಲೆ ಲೋಕದ ಗಿಟಾರಿಗರು ಮಾಡುವಂತೆಯೇ ಪಿಂಗ್‌ಪಾಂಗ್ ಚೆಂಡು ಕತ್ತರಿಸಿ ಸೂಪರ್ ಗ್ಲೂನಿಂದ ಅಂಟಿಸಿಕೊಂಡರು. ಕ್ಲಬ್‌ಹೌಸಿನಲ್ಲಿ ಟೇಬಲ್ ಟೆನಿಸ್ ಚೆಂಡು ಕಾಣೆಯಾದ ಬಗ್ಗೆ ಅಸೋಸಿಯೇಷನ್ ನೋಟಿಸು ಹಾಕಿತು. ಮೆಷಿನ್ ಶಾಪಿನಲ್ಲಿ ಉಗುರು ಬೆಳೆಸುವಂತಿಲ್ಲದ ಪೀಣ್ಯದವರು, ಸ್ಪೇನಿನ ಗಿಟಾರಿಗ ತಾರೇಗನಂಥ ತಾರೇಗನೇ ಕೊನೆಗಾಲದಲ್ಲಿ ಬರೀ ಬೆರಳ ತುದಿಯಿಂದ ನುಡಿಸಿದ ಎಂಬ ಸಂಗತಿ ತಿಳಿದಾಗಿನಿಂದ ಎದೆ ಸೆಟೆಸಿ ಓಡಾಡುತ್ತಿದ್ದಾರೆ. ಆದರೆ ನಮ್ಮೆಲ್ಲರ ಉಗುರು ನಯ ಮಾಡುವ ಅತಿ ಸಣ್ಣ ಎಮರಿ ಪೇಪರ್ ಬರುವುದು ಅವರ ಕಡೆಯಿಂದಲೇ.

ಸ್ವರಲಿಪಿಯ ಹಾಳೆ ಹಂಚಿಕೊಳ್ಳುವ ವಿಷಯದಲ್ಲಿ ಮನುಷ್ಯನ ನಿಜವಾದ ಗುಣ ಬಯಲಾಗುತ್ತದೆ. ಕೇಳಿದ ಕೂಡಲೇ ಕೊಡುವವರಿದ್ದಾರೆ. "ಹುಡುಕಿ ಕಳಿಸ್ತೀನಿ" ಎಂದು ಮುಂದಿನ ಯುಗಾದಿವರೆಗೆ ಹುಡುಕುವವರಿದ್ದಾರೆ. ಕೊಟ್ಟರೂ ಯಾವ ಬೆರಳು ಎಲ್ಲಿ ಎಂದು ತಾವು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡದ್ದನ್ನು ನೀಟಾಗಿ ಅಳಿಸಿ ಕೊಡುವ ಮಹಾನುಭಾವರೂ ಇದ್ದಾರೆ, ಅವರ ಪಿನ್ ಕೋಡ್ ನಾನು ಹೇಳುವುದಿಲ್ಲ. ಅಕ್ಕ ಮಾತ್ರ ರಾತ್ರಿ ಪಾಳಿಯ ಬಿಡುವಿನಲ್ಲಿ ತಮ್ಮ ಬೆರಳು ಗುರುತುಗಳ ಸಮೇತ, ಎಲ್ಲಿ ಉಸಿರು ಬಿಡಬೇಕು ಎಂದೂ ಬರೆದು ಕಳಿಸುತ್ತಾರೆ.

ಕಾನೂನೂ ನಮ್ಮ ಪರ ಇದೆ, ಭಾಗಶಃ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ರಚನಕಾರ ತೀರಿಕೊಂಡ ಮರುವರ್ಷದಿಂದ 60 ವರ್ಷ. ವಿಲ್ಲಾ-ಲೋಬೋಸ್ ಹೋದದ್ದು 1959ರ ನವೆಂಬರಿನಲ್ಲಿ. ಇಲ್ಲಿ ಲೆಕ್ಕ 2019ಕ್ಕೆ ಚುಕ್ತಾ. ಯುರೋಪಿನಲ್ಲಿ 70 ವರ್ಷ, ಹಾಗಾಗಿ ಇನ್ನೂ ಬಾಕಿ ಇದೆ. ಒಂದೇ ಹಾಳೆಯ ನಕಲು ಪ್ಯಾರಿಸಿನಲ್ಲಿ ಕಳ್ಳಮಾಲು, ಪೀಣ್ಯದ ಜೆರಾಕ್ಸ್ ಅಂಗಡಿಯಲ್ಲಿ ಸಾಚಾ. ಆದರೆ ಪಾವ್ಲೊ ಬೆಲಿನಾತಿಯ 1978ರ 'ಜೊಂಗೊ' ಈಚಿನದು, ಅದನ್ನು ದುಡ್ಡು ಕೊಟ್ಟೇ ತರಿಸಿದೆವು. ಅದರಲ್ಲಿ ಗಿಟಾರಿನ ಮೈಯನ್ನೇ ತಟ್ಟಿ ತಾಳ ಬಾರಿಸುವ ಭಾಗವೊಂದಿದೆ. ಅದನ್ನು ಮೊದಲ ಸಲ ನುಡಿಸಿದ ದಿನ ಸೆಕ್ಯುರಿಟಿಯವನು ಓಡಿ ಬಂದು, "ಸಾರ್, ಭಾನುವಾರ ಡ್ರಿಲ್ಲಿಂಗ್ ಮಾಡೋಂಗಿಲ್ಲ" ಎಂದ. ಬೇಡನ್ ಪೊವೆಲ್ ಎಂಬ ಇನ್ನೊಬ್ಬ ಮಹಾ ಗಿಟಾರಿಗನ ಹೆಸರು ಕೇಳಿದ ಸಾಹೇಬರ ಮಗ, "ಅಪ್ಪ, ಇದು ನಮ್ಮ ಸ್ಕೌಟ್ಸ್ ಕ್ಲಾಸಿನ ಹಾಡಾ?" ಎಂದು ಸೆಲ್ಯೂಟ್ ಹೊಡೆದ. ಹುಡುಗ ಪೂರ್ತಿ ತಪ್ಪಲ್ಲ: 1937ರಲ್ಲಿ ಹುಟ್ಟಿದ ಮಗುವಿಗೆ ಸ್ಕೌಟ್ ಅಭಿಮಾನಿಯಾದ ಅಪ್ಪ ಇಟ್ಟ ಹೆಸರೇ ಅದು.

ಸಾಹೇಬರ ಗಿಟಾರ್ ಸ್ಪೇನಿನದು. ಬೆಲೆ ಹೇಳಲಾರೆ, ಅವರ ಮನೆಯವರೂ ಈ ಪತ್ರಿಕೆ ಓದುತ್ತಾರೆ. ತೇವ ಅಳೆಯುವ ಯಂತ್ರದ ಜೊತೆಗೆ ಮಲಗಿಸಿಡುತ್ತಾರೆ. ಅದರ ಬೆನ್ನು ಪಕ್ಕೆಗಳ ಮರದ ಬಗ್ಗೆ ಕೇಳಿದರೆ, "ಈಸ್ಟ್ ಇಂಡಿಯನ್ ರೋಸ್‌ವುಡ್" ಎಂದು ಕಣ್ಣರಳಿಸುತ್ತಾರೆ. ಹಾಗೆಂದರೆ ಬೀಟೆ ಸ್ವಾಮಿ, ನಮ್ಮ ಬೀಟೆ! ಕೊಡಗು, ಮಲೆನಾಡಿನಲ್ಲಿ ಅಜ್ಜಂದಿರು ಮಂಚ ಮಾಡಿಸಿದ, ಮೈಸೂರಿನವರು ಕುಸುರಿ ಕೂರಿಸಿದ ಮರ. ಹಿಂದೆ ಒಳ್ಳೆಯ ಗಿಟಾರಿಗೆಲ್ಲ ಬ್ರೆಜಿಲಿನ ಜಕರಂದಾ ಎಂಬ ರೋಸ್‌ವುಡ್ಡೇ ಆಗಬೇಕಿತ್ತು. ಕಡಿದು ಕಡಿದು ಅದು ಅಪರೂಪವಾಯಿತು. 1960ರ ದಶಕದ ಕೊನೆಗೆ ಅಮೆರಿಕದ ಮಾರ್ಟಿನ್ ಕಂಪನಿಯಂಥವರು ಬೀಟೆಗೆ ತಿರುಗಿದರು. 1992ರಲ್ಲಿ ಜಕರಂದಾ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಸೈಟ್ಸ್ ಒಪ್ಪಂದ ಬೀಗ ಹಾಕಿತು. ಬ್ರೆಜಿಲ್ ಖಾಲಿ ಮಾಡಿಕೊಂಡ ಜಾಗವನ್ನು ನಮ್ಮ ಬೀಟೆ ತುಂಬಿತು ಅನ್ನಿ. ಸಾಹೇಬರ ಊರು ತೀರ್ಥಹಳ್ಳಿ. ಸ್ಪೇನ್ ಸುತ್ತಿ, ಕಸ್ಟಮ್ಸ್ ಸುಂಕ ಕಟ್ಟಿಸಿಕೊಂಡು ಬಂದ ಆ ಗಿಟಾರನ್ನು ಕಂಡರೆ ನನಗೆ, ಹೊರದೇಶಕ್ಕೆ ಮದುವೆಯಾಗಿ ಹೋದ ಹುಡುಗಿ ಗುರುತು ಸಿಗದ ಹಾಗೆ ಬದಲಾಗಿ ತವರಿಗೆ ಬಂದಂತೆ ಕಾಣುತ್ತದೆ. ಅಪ್ಪನೇ ವೀಸಾ ಕೇಳುತ್ತಿದ್ದಾನೆ.

ಸದ್ಯದ ಸುದ್ದಿಯೆಂದರೆ ಏಳನೇ ತಂತಿ. ಶೋರೊ ಕೂಟಗಳಲ್ಲಿ ಏಳು ತಂತಿಯ ಗಿಟಾರ್ ಒಂದಿರುತ್ತದೆ. ಕೆಳಗಿನಿಂದ ಮಂದ್ರದಲ್ಲಿ ಉಳಿದವರಿಗೆ ಉತ್ತರ ಕೊಡುತ್ತ, ಕೆಣಕುತ್ತ, ಕಾಲೆಳೆಯುತ್ತ ಹೋಗುವುದೇ ಅದರ ಕೆಲಸ. ದೀನೊ ಎಂಬಾತ ಇದರಲ್ಲಿ ಎಷ್ಟು ಹೆಸರು ಮಾಡಿದನೆಂದರೆ ಅವನ ಹೆಸರಿಗೇ 'ಏಳು ತಂತಿ' ಅಂಟಿಕೊಂಡಿತು. ಇದನ್ನು ಕೇಳಿದ್ದೇ ಪೀಣ್ಯದವರಿಗೆ ತಡೆಯಲಿಲ್ಲ. ಕೊಳ್ಳಲು ಹೋದರೆ ಎರಡು ತಿಂಗಳ ಪಗಾರ. ಹಿತ್ತಾಳೆ ಸ್ಕ್ರ್ಯಾಪಿನಲ್ಲಿ ಒಂದು ಚೆಂದದ ಕೀಲಿ ತಿರುಗಿಸಿಕೊಂಡು, ಆರ್ಕೆಸ್ಟ್ರಾ ಕಾಲದ ಹಳೇ ಗಿಟಾರಿನ ತಲೆಗೆ ತೂತು ಕೊರೆದು ಕೂರಿಸಿಯೇಬಿಟ್ಟರು. ಸಾಹೇಬರು ನಕ್ಷೆ ಕೇಳಿದರು, ಅಕ್ಕ ಪೇಡಾ ಕೇಳಿದರು. ಮನೆಯಾಕೆ ಕೇಳಿದ್ದು, "ಆರು ತಂತೀನೇ ಹೇಳಿದಂಗ ಕೇಳವಲ್ವು, ಏಳನೇದು ಯಾಕ್ರಿ?" ಎಂದು. ಕೀಲಿ ಬಂಗಾರದಂತೆ ಹೊಳೆಯುತ್ತದೆ, ತಂತಿಯೂ ಬಿಗಿದಿದೆ, ಘುಮ್ಮೆಂದು ನುಡಿಯುತ್ತದೆ. ಗಿಟಾರಿನ ಕುತ್ತಿಗೆಯ ಅಗಲ ಸಾಲದ್ದೊಂದೇ ಕೊರತೆ. ಅದಕ್ಕೆ ಏಳನೆಯದಕ್ಕೆ ಜಾಗ ಮಾಡಿಕೊಡಲು ಮೊದಲನೇ ತಂತಿಯನ್ನು ಬಿಚ್ಚಿಟ್ಟಿದ್ದಾರೆ.